ನಿಮ್ಮ ಪ್ರಾರ್ಥನೆಯಲ್ಲಿ ನೀವೆಲ್ಲಿ?

ರಾತ್ರಿ ಹತ್ತೂವರೆ. ಪಾತ್ರೆ ತೊಳೆದಿಟ್ಟು, ನಾಳೆಯ ದೋಸೆ ಹಿಟ್ಟಿಗೆ ಉಪ್ಪು ಬೆರೆಸಿ ಮುಚ್ಚಿ, ಗ್ಯಾಸ್ ಆಫ್ ಆಗಿದೆಯಾ ಅಂತ ಎರಡು ಸಲ ನೋಡಿ, ಕೊನೆಗೆ ಮಂಚದ ಪಕ್ಕ ಮೊಣಕಾಲೂರುತ್ತೀರಿ. ಶುರುವಾಗುತ್ತೆ ಪಟ್ಟಿ. ಯಜಮಾನರ ಬಿ.ಪಿ., ದೊಡ್ಡವನ ಪಿಯುಸಿ ಪರೀಕ್ಷೆ, ಚಿಕ್ಕವಳ ಕೆಮ್ಮು, ಅತ್ತೆಯ ಮಂಡಿನೋವು, ಊರಲ್ಲಿರುವ ತಮ್ಮನ ಕೋರ್ಟ್ ಕೇಸು, ಮನೆ ಸಾಲದ ಕಂತು, ಪಕ್ಕದ ಮನೆಯವರ ಆಪರೇಷನ್ನು... ಅರ್ಧದಲ್ಲೇ ಕಣ್ಣು ಎಳೆಯುತ್ತದೆ. ‘ಆಮೆನ್’ ಅಂದು ಲೈಟು ಆರಿಸುತ್ತೀರಿ.

ಈಗ ಆ ಪಟ್ಟಿಯನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಎಲ್ಲರೂ ಇದ್ದಾರೆ. ನೀವೊಬ್ಬರೇ ಇಲ್ಲ, ಅಲ್ವಾ?

ಬೇರೆಯವರಿಗಾಗಿ ಬೇಡಿಕೊಳ್ಳುವುದು ಒಳ್ಳೆಯದೇ. ಅಮ್ಮ, ಅಜ್ಜಿಯರ ಇಂಥ ಪ್ರಾರ್ಥನೆಯ ಬಲದ ಮೇಲೇ ಸಂಸಾರ ನಿಂತಿದೆ ಅಂತ ನಂಬುವ ಕ್ರೈಸ್ತ ಮನೆಗಳು ಎಷ್ಟೋ ಇವೆ. ಆದರೆ ವರ್ಷಗಟ್ಟಲೆ ಬರೀ ಪಟ್ಟಿ ಒಪ್ಪಿಸುತ್ತಾ ಹೋದರೆ ಪ್ರಾರ್ಥನೆ ದಿನಸಿ ಅಂಗಡಿಯ ಚೀಟಿಯಂತಾಗಿಬಿಡುತ್ತದೆ. ಅಂಗಡಿಯವರ ಕೈಗೆ ಚೀಟಿ ಕೊಟ್ಟು ಬರುತ್ತೇವೆಯೇ ಹೊರತು ಅವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದಿಲ್ಲವಲ್ಲ! “ಮೊದಲಿನ ಹಾಗೆ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲ್ಲ ಅಕ್ಕಾ, ಸುಮ್ನೆ ಬಾಯಿಪಾಠ ಒಪ್ಪಿಸಿದ ಹಾಗಾಗುತ್ತೆ” ಎಂದು ಚರ್ಚಿನ ಅಂಗಳದಲ್ಲಿ ಹೇಳಿಕೊಳ್ಳುವವರು ತಮ್ಮ ಭಕ್ತಿಯೇ ಕಮ್ಮಿಯಾಯಿತೇನೋ ಎಂದು ಅಳುಕುತ್ತಾರೆ. ಅದಕ್ಕೆ ಪರಿಹಾರ ಅಂತ ಇನ್ನೊಂದು ನೊವೆನಾ, ಇನ್ನೊಂದು ಉಪವಾಸ ಸೇರಿಸಿಕೊಳ್ಳುತ್ತಾರೆ. ಪಟ್ಟಿ ಇನ್ನಷ್ಟು ಉದ್ದವಾಗುತ್ತದೆ, ಅಷ್ಟೇ. ಈಗಿರುವ ಪ್ರಾರ್ಥನೆಯೊಳಗೆ ನೀವೇ ಒಮ್ಮೆ ಬಂದು ಕೂತುಕೊಳ್ಳುವುದು ಹೇಗೆ ಅಂತ ನೋಡೋಣ.

ಹನ್ನಳನ್ನು ನೆನಪಿಸಿಕೊಳ್ಳಿ

ಬೈಬಲ್ಲಿನ ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲೇ ಒಂದು ಮನೆಯ ಕಥೆಯಿದೆ. ಎಲ್ಕಾನನಿಗೆ ಇಬ್ಬರು ಹೆಂಡಿರು. ಪೆನಿನ್ನಳಿಗೆ ಮಕ್ಕಳಿದ್ದಾರೆ, ಹನ್ನಳಿಗಿಲ್ಲ. ವರ್ಷವರ್ಷವೂ ಶಿಲೋವಿಗೆ ಆರಾಧನೆಗೆ ಹೋದಾಗಲೆಲ್ಲ ಸವತಿಯ ಚುಚ್ಚುಮಾತು. ಹನ್ನಳು ಅತ್ತು ಊಟ ಬಿಡುತ್ತಾಳೆ. ಗಂಡ ಒಳ್ಳೆಯವನೇ, ಆದರೆ ಅವನ ಸಮಾಧಾನ ಹೇಗಿತ್ತೆಂದರೆ, ಹತ್ತು ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎಂಬ ಧಾಟಿಯಲ್ಲಿತ್ತು. ಗಂಡಂದಿರ ಸಮಾಧಾನದ ಮಾತು ಆಗಲೂ ಹೀಗೇ ಇತ್ತು ನೋಡಿ!

ಹನ್ನಳು ಯಾರಿಗೂ ಉತ್ತರ ಕೊಡದೆ ಎದ್ದು ದೇವಾಲಯಕ್ಕೆ ಹೋಗುತ್ತಾಳೆ. ಬಿಕ್ಕಿ ಬಿಕ್ಕಿ ಅಳುತ್ತಾ ಒಳಗೊಳಗೇ ಪ್ರಾರ್ಥಿಸುತ್ತಾಳೆ. ತುಟಿ ಆಡುತ್ತಿದೆ, ದನಿಯಿಲ್ಲ. ಯಾಜಕ ಏಲಿ ಇದನ್ನು ಕಂಡು ಇವಳು ಕುಡಿದಿದ್ದಾಳೆ ಅಂದುಕೊಂಡು ಗದರಿಸುತ್ತಾನೆ. ಅವಳು ಹೆದರದೆ, ಕುಡಿದಿಲ್ಲ ಸ್ವಾಮಿ, ದೇವರ ಮುಂದೆ ನನ್ನ ಒಡಲನ್ನೇ ಸುರಿಯುತ್ತಿದ್ದೇನೆ ಎಂಬರ್ಥದ ಮಾತಾಡುತ್ತಾಳೆ.

ಮುಂದೆ ಅವಳಿಗೆ ಸಮುವೇಲ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಪ್ರವಚನಗಳೂ ಅಲ್ಲಿಗೇ ಓಡುತ್ತವೆ. ಆದರೆ ನಡುವೆ ಒಂದು ಸಣ್ಣ ಸಂಗತಿ ಇದೆ, ಹೆಂಗಸರಾದ ನಾವು ಅಲ್ಲಿ ನಿಲ್ಲಬೇಕು. ದೇವಾಲಯದಿಂದ ಹೊರಬಂದ ಹನ್ನಳು ಊಟ ಮಾಡಿದಳು, ಅವಳ ಮುಖ ಮತ್ತೆ ಬಾಡಲಿಲ್ಲ. ಗಮನಿಸಿ, ಮಗು ಇನ್ನೂ ಹುಟ್ಟಿಲ್ಲ. ಪೆನಿನ್ನಳ ಬಾಯಿ ಮುಚ್ಚಿದ್ದೂ ಇಲ್ಲ. ಮನೆಯಲ್ಲಿ ಏನೂ ಬದಲಾಗಿಲ್ಲ. ಹಾಗಿದ್ದೂ ಅವಳಿಗೆ ತುತ್ತು ಇಳಿಯಿತು. ಗಂಡನಿಗೂ ಹೇಳಿಕೊಳ್ಳಲಾಗದ್ದನ್ನು ಒಂದು ಕಡೆ ಸುರಿದಾಗಿತ್ತು.

ನೀವು ಸುರಿಯಬೇಕಾದದ್ದು ಏನು? ಕೆಲಸ ಬಿಟ್ಟು ಮನೆಯಲ್ಲಿ ಕೂತ ಸಿಟ್ಟೇ? ಅಕ್ಕನ ಮೇಲಿನ ಹೊಟ್ಟೆಕಿಚ್ಚೇ? ಮುಟ್ಟು ನಿಲ್ಲುವ ವಯಸ್ಸಿನ ಕಸಿವಿಸಿಯೇ? ಇಂಥದ್ದನ್ನೆಲ್ಲ ದೇವರಿಗೆ ಹೇಳಬಾರದು ಅಂತ ನಮಗೆ ಯಾರು ಕಲಿಸಿದರೋ ಗೊತ್ತಿಲ್ಲ.

ಉಗ್ರಾಣದ ಬಾಗಿಲು

ಪ್ರಾರ್ಥಿಸುವಾಗ ನಿನ್ನ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೋ ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ‘ಎರಡು ಬೆಡ್‌ರೂಮಿನ ಮನೆಯಲ್ಲಿ ಆರು ಜನ ಇದ್ದೀವಿ, ಒಳಕೋಣೆ ಎಲ್ಲಿಂದ ತರೋಣ?’ ಅಂತ ನೀವು ಕೇಳಬಹುದು. ಸ್ವಾರಸ್ಯ ಏನೆಂದರೆ, ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವ ಪದಕ್ಕೆ ಉಗ್ರಾಣ ಎಂಬ ಅರ್ಥವೂ ಇದೆ. ಅಂದರೆ ಮನೆಯ ದವಸಧಾನ್ಯ ಇಡುವ ಕೋಣೆ! ಅದರ ಬಾಗಿಲು, ಬೀಗ, ಡಬ್ಬಿ, ಎಲ್ಲದರ ಲೆಕ್ಕ ಮನೆಯಲ್ಲಿ ಯಾರಿಗೆ ಗೊತ್ತು? ಅಕ್ಕಿ ಮೂಟೆಯ ಪಕ್ಕದ ಒಂದು ಸ್ಟೂಲೂ ಸಾಕು ಎಂದಾಯಿತು.

ಅದಕ್ಕೂ ಜಾಗವಿಲ್ಲದವರಿಗೆ ಸುಸಾನಾ ವೆಸ್ಲಿ ಇದ್ದಾರೆ. ಮೆಥಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿಯ ತಾಯಿ. 17ನೇ ಶತಮಾನದ ಕೊನೆ, 18ನೇ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಅರ್ಧದಷ್ಟನ್ನು ಎಳವೆಯಲ್ಲೇ ಕಳೆದುಕೊಂಡವರು. ಸಾಲ, ಜಗಳ, ಬೆಂಕಿ ಅನಾಹುತ, ಎಲ್ಲವನ್ನೂ ಕಂಡ ಮನೆ. ಗಲಾಟೆಯ ನಡುವೆ ಆಕೆ ತನ್ನ ಏಪ್ರನ್ನನ್ನೇ ತಲೆಯ ಮೇಲೆ ಹೊದ್ದು ಕೂರುತ್ತಿದ್ದರಂತೆ, ಹಾಗೆ ಕೂತಾಗ ಅಮ್ಮನನ್ನು ಮಾತಾಡಿಸಬಾರದು ಅಂತ ಮಕ್ಕಳಿಗೆ ಗೊತ್ತಿತ್ತಂತೆ. ಬಾಯಿಂದ ಬಾಯಿಗೆ ಬಂದ ಕಥೆ ಇದು. ನಮ್ಮಲ್ಲಿ ಏಪ್ರನ್ ಇಲ್ಲದಿದ್ದರೇನಂತೆ, ಸೆರಗಿದೆ, ದುಪಟ್ಟಾ ಇದೆ.

ಸಮಯದ ಬಗ್ಗೆ ಒಂದು ಮಾತು. ರಾತ್ರಿ ಮಲಗುವ ಮುನ್ನದ ಹೊತ್ತು ಪ್ರಾರ್ಥನೆಗೆ ಒಳ್ಳೆಯದೆಂದು ನಾವೆಲ್ಲ ಅಂದುಕೊಂಡಿದ್ದೇವೆ. ಇಡೀ ದಿನದಲ್ಲಿ ನಿಮ್ಮಲ್ಲಿ ಏನೂ ಉಳಿದಿಲ್ಲದ ಹೊತ್ತು ಅದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥಿಸುವವರ ಬಗ್ಗೆ ಕೇಳಿ ನೀವೂ ಅಲಾರಾಂ ಇಟ್ಟು ಮೂರು ದಿನದಲ್ಲಿ ಸೋತಿದ್ದರೆ ಬೇಜಾರು ಬೇಡ. ಎಲ್ಲರೂ ಹೊರಟ ಮೇಲೆ, ಕೆಲಸದವಳು ಬರುವ ಮೊದಲು ಮನೆ ಇದ್ದಕ್ಕಿದ್ದಂತೆ ತಣ್ಣಗಾಗುವ ಹತ್ತು ನಿಮಿಷ ಇರುತ್ತದಲ್ಲ, ಎರಡನೇ ಲೋಟ ಕಾಫಿಯ ಹೊತ್ತು, ಅದನ್ನು ಹಿಡಿಯಿರಿ. ದಿನಾ ಅದೇ ಹೊತ್ತು, ಅದೇ ಕುರ್ಚಿ. ಮೊಬೈಲು ಇನ್ನೊಂದು ರೂಮಿನಲ್ಲಿರಲಿ. ‘ಬೈಬಲ್ ಆ್ಯಪ್ ಅದರಲ್ಲೇ ಇದೆ’ ಅನ್ನಬೇಡಿ. ಅದರ ಪಕ್ಕದಲ್ಲೇ ವಾಟ್ಸ್ಆ್ಯಪ್ ಇದೆ, ಮುದ್ರಿತ ಪುಸ್ತಕವೇ ವಾಸಿ. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ಅಡುಗೆಮನೆಯ ಟೈಮರ್ ಇಟ್ಟುಕೊಂಡರೂ ಪಾಪವಲ್ಲ.

ಓದುವುದಲ್ಲ, ಜಗಿಯುವುದು

ಕೂತ ಮೇಲೆ ಏನು ಮಾಡಬೇಕು? ಮೌನವಾಗಿ ಕೂರುತ್ತೇನೆ ಅಂದರೆ ಎರಡನೇ ನಿಮಿಷಕ್ಕೆ ಫ್ರಿಜ್ಜಿನಲ್ಲಿರುವ ಹುರುಳಿಕಾಯಿ ನೆನಪಾಗುತ್ತದೆ. ಹಾಗಾಗಿ ಒಂದು ಪುಟ್ಟ ಕೀರ್ತನೆಯಿಂದ ಶುರುಮಾಡಿ. 12ನೇ ಶತಮಾನದಲ್ಲಿ ಎರಡನೇ ಗ್ವಿಗೋ ಎಂಬ ಫ್ರಾನ್ಸಿನ ಸನ್ಯಾಸಿ ಬೈಬಲ್ ಓದಿ ಪ್ರಾರ್ಥಿಸುವುದಕ್ಕೆ ನಾಲ್ಕು ಮೆಟ್ಟಿಲಿನ ಏಣಿಯೊಂದನ್ನು ವಿವರಿಸಿದ. ಆತ ಕೊಟ್ಟ ಹೋಲಿಕೆ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು, ಏಕೆಂದರೆ ಅದು ಊಟದ್ದು. ಓದು ಅಂದರೆ ತುತ್ತು ಬಾಯಿಗೆ ಇಡುವುದು, ಮನನ ಅಂದರೆ ಜಗಿಯುವುದು, ಪ್ರಾರ್ಥನೆಯಲ್ಲಿ ರುಚಿ ಸಿಗುತ್ತದೆ, ಆಮೇಲಿನ ಮೌನದ ಧ್ಯಾನ ಆ ಸವಿಯೇ. ನಾವು ಮಾಡುತ್ತಿರುವುದೇನು? ವರ್ಷದಲ್ಲಿ ಇಡೀ ಬೈಬಲ್ ಮುಗಿಸಬೇಕು ಅಂತ ಚಾರ್ಟ್ ಹಾಕಿಕೊಂಡು ಜಗಿಯದೆ ನುಂಗುವುದು. ಹಾಗೆ ಓದುವುದರಿಂದ ಕಥೆ ತಿಳಿಯುತ್ತದೆ, ಬೇಡ ಅನ್ನುವುದಿಲ್ಲ. ಈ ಹತ್ತು ನಿಮಿಷಕ್ಕೆ ಮಾತ್ರ ಅದು ಹೊಂದುವುದಿಲ್ಲ.

13ನೇ ಕೀರ್ತನೆಯನ್ನೇ ತೆಗೆದುಕೊಳ್ಳಿ. ಬರೀ ಆರು ವಚನ. ಮೊದಲ ಎರಡರಲ್ಲೇ ‘ಎಷ್ಟರವರೆಗೆ?’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೇವರೇ, ನನ್ನನ್ನು ಮರೆತೇಬಿಟ್ಟೆಯಾ ಎಂಬ ನೇರ ಆರೋಪ. ಮೆಲ್ಲಗೆ, ತುಟಿಯಾಡಿಸಿ ಎರಡು ಸಲ ಓದಿ. ಯಾವ ಪದದ ಹತ್ತಿರ ಗಂಟಲು ಕಟ್ಟುತ್ತದೋ ಅಲ್ಲಿ ನಿಂತುಬಿಡಿ, ಮುಂದೆ ಹೋಗಬೇಡಿ. ಆ ಪದವನ್ನು ನಿಮ್ಮ ಮನೆಮಾತಿಗೆ ತಂದುಕೊಳ್ಳಿ. “ಎಷ್ಟು ದಿನ ಅಂತ ಹೀಗೆ ಸುಮ್ಮನಿರ್ತೀಯ ಸ್ವಾಮಿ? ನನ್ನ ಕಡೆ ತಿರುಗಿ ನೋಡೋಕೂ ಆಗಲ್ವಾ ನಿಂಗೆ?” ಅನ್ನಿ. ಹೀಗೆಲ್ಲ ಮಾತಾಡಿದರೆ ದೇವರು ಸಿಟ್ಟಾಗುವುದಿಲ್ಲವೇ ಅಂತ ಭಯವಾದರೆ, ಈ ಮಾತುಗಳನ್ನು ಪವಿತ್ರ ಗ್ರಂಥದೊಳಗೇ ಸೇರಿಸಿ ಕೊಟ್ಟಿದ್ದಾರಲ್ಲ, ಅದನ್ನು ನೆನೆಯಿರಿ. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು, ಮೊರೆ. ಹೆಚ್ಚಿನವು ಕೊನೆಗೆ ಭರವಸೆಯ ಕಡೆ ತಿರುಗುತ್ತವೆ. 88ನೆಯದು ಮಾತ್ರ ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಇದನ್ನು ಓದುವುದು ಅಪರೂಪ. ಸಂತೋಷದ ಸ್ತುತಿಗೇ ಮೈಕು ಸಿಗುವುದು.

ಭಾಷೆಯ ವಿಷಯಕ್ಕೆ ಬಂದೆವು. ಮಕ್ಕಳನ್ನು ನೀವು ಯಾವ ಭಾಷೆಯಲ್ಲಿ ಗದರುತ್ತೀರೋ ಅದೇ ಭಾಷೆಯಲ್ಲಿ ದೇವರ ಹತ್ತಿರ ಮಾತಾಡಿ. ಕನ್ನಡವೋ, ಕೊಂಕಣಿಯೋ, ತುಳುವೋ, ತಮಿಳೋ. ಎರಡನೇ ವ್ಯಾಟಿಕನ್ ಮಹಾಸಭೆ (1962-65) ನಡೆಯುವವರೆಗೂ ಕಥೋಲಿಕರ ಪೂಜೆ ಲ್ಯಾಟಿನ್ನಿನಲ್ಲಿತ್ತು, ನಮ್ಮ ಅಜ್ಜಿಯಂದಿರು ಅರ್ಥವಾಗದಿದ್ದರೂ ಭಕ್ತಿಯಿಂದ ಕೂತಿರುತ್ತಿದ್ದರು. ಈಗ ಆ ತೊಡಕಿಲ್ಲ. ಆದರೂ ಕಣ್ಣು ಮುಚ್ಚಿದ ಕೂಡಲೇ ಎಷ್ಟೋ ಜನರ ಬಾಯಲ್ಲಿ ಗ್ರಂಥದ ಭಾಷೆ ಬಂದು ಕೂರುತ್ತದೆ. ಸಭೆಯಲ್ಲಿ ಅದು ಚೆನ್ನ. ಒಬ್ಬರೇ ಇರುವಾಗ ಅದೊಂದು ಮರೆಯಾಗುತ್ತದೆ. ಕನ್ನಡದಲ್ಲಿ ಒಂದು ಅನುಕೂಲ ಇರುವುದನ್ನು ನೀವು ಗಮನಿಸಿದ್ದೀರಾ? ಗಂಡನಿಗೂ ಅತ್ತೆಮಾವನಿಗೂ ‘ನೀವು’ ಅನ್ನುವವರು ಕೂಡ ದೇವರಿಗೆ ‘ನೀನು’ ಅನ್ನುತ್ತಾರೆ. ಅಷ್ಟು ಸಲಿಗೆ ಭಾಷೆಯೇ ಕೊಟ್ಟಿರುವಾಗ ಬಳಸಿಕೊಳ್ಳದಿದ್ದರೆ ಹೇಗೆ?

ಜಪಸರ ಬಿಡಬೇಕಾ?

ಬೇಡವೇ ಬೇಡ. ಬಾಯಿಪಾಠದ ಪ್ರಾರ್ಥನೆ ಕೀಳು, ಸ್ವಂತ ಮಾತಿನದು ಮೇಲು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮಗು ಐಸಿಯುನಲ್ಲಿರುವಾಗ ಯಾರಿಗೂ ಸ್ವಂತ ಮಾತು ಹೊಳೆಯುವುದಿಲ್ಲ. ಆಗ ಕೈಗೆ ಸಿಗುವುದು ಬಾಲ್ಯದಲ್ಲಿ ಕಲಿತ ‘ನಮೋ ಮರಿಯಾ’, ಯೇಸು ಕಲಿಸಿದ ‘ಪರಲೋಕದ ತಂದೆ’ಯ ಪ್ರಾರ್ಥನೆ. ತೊಂದರೆ ಬಾಯಿಪಾಠದ್ದಲ್ಲ, ವೇಗದ್ದು. ಸೀರಿಯಲ್ ಶುರುವಾಗುವ ಮೊದಲು ಐದು ದಶಕ ಮುಗಿಸುವ ಓಟದಲ್ಲಿ ಮಣಿ ಬೆರಳಿಗೆ ಸಿಕ್ಕುತ್ತದೆ, ಮಾತು ಮನಸ್ಸಿಗೆ ಸಿಕ್ಕುವುದಿಲ್ಲ. ಒಂದೇ ದಶಕ ಸಾಕು, ನಿಧಾನವಾಗಿ.

ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾ (1873-1897) ಕಾನ್ವೆಂಟಿನ ಒಳಗೇ ಇದ್ದವರು, ಇಪ್ಪತ್ನಾಲ್ಕನೇ ವಯಸ್ಸಿಗೇ ತೀರಿಕೊಂಡವರು. ಜಪಸರ ಹೇಳುವುದು ತನಗೆ ಬಹಳ ಕಷ್ಟ ಎಂದು ಸಂಕೋಚವಿಲ್ಲದೆ ಬರೆದುಕೊಂಡಿದ್ದಾರೆ. ಮನಸ್ಸು ತೀರಾ ಒಣಗಿದಾಗ ಪರಲೋಕದ ತಂದೆಯ ಪ್ರಾರ್ಥನೆಯನ್ನು, ಆಮೇಲೆ ಮರಿಯಳ ಪ್ರಾರ್ಥನೆಯನ್ನು ಬಹಳ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರಂತೆ. ಪ್ರಾರ್ಥನೆಯ ಹೊತ್ತಿನಲ್ಲಿ ತೂಕಡಿಸುತ್ತಿದ್ದರು ಕೂಡ. ಮಲಗಿದ ಮಗು, ಎದ್ದಿರುವ ಮಗು ಎರಡೂ ಹೆತ್ತವರಿಗೆ ಇಷ್ಟವೇ ಅಲ್ಲವೇ ಎಂಬುದು ಆಕೆಯ ಸಮಾಧಾನ. ಇಂಥವರನ್ನು 1997ರಲ್ಲಿ ಚರ್ಚು ತನ್ನ ‘ಡಾಕ್ಟರ್’ಗಳ, ಅಂದರೆ ಮಹಾಬೋಧಕರ ಸಾಲಿಗೆ ಸೇರಿಸಿತು. ಮೊಣಕಾಲೂರಿದಲ್ಲೇ ನಿದ್ದೆ ಹೋಗುವ ನಿಮಗೆ ಒಳ್ಳೆಯ ಜೊತೆ.

ಇನ್ನೂ ಹಿಂದೆ ಹೋದರೆ ಪ್ರೋಬಾ ಎಂಬ ಮಹಿಳೆ ಸಿಗುತ್ತಾರೆ. ರೋಮ್ ನಗರದ ಶ್ರೀಮಂತ ವಿಧವೆ. ಕ್ರಿ.ಶ. 410ರಲ್ಲಿ ರೋಮ್ ಲೂಟಿಯಾದ ಮೇಲೆ ಮನೆಯವರೊಂದಿಗೆ ಆಫ್ರಿಕಾಕ್ಕೆ ಬಂದರು. ‘ಹೇಗೆ ಪ್ರಾರ್ಥಿಸಬೇಕು?’ ಎಂದು ಆಕೆ ಕೇಳಿದ್ದಕ್ಕೆ ಸಂತ ಅಗಸ್ಟೀನರು ಉದ್ದದ ಪತ್ರವನ್ನೇ ಬರೆದರು. ಮಾತು ಹೆಚ್ಚಾಗುವುದು ಬೇರೆ, ಹಂಬಲ ಹೆಚ್ಚಾಗುವುದು ಬೇರೆ ಎಂಬುದು ಅದರ ಒಂದು ಮುಖ್ಯ ವಿಚಾರ. ಈಜಿಪ್ಟಿನ ಸನ್ಯಾಸಿಗಳು ಬಾಣ ಬಿಟ್ಟಂತೆ ಚಿಕ್ಕ ಚಿಕ್ಕ ಪ್ರಾರ್ಥನೆಗಳನ್ನು ಪದೇ ಪದೇ ಹೇಳುವುದನ್ನೂ ಅದರಲ್ಲಿ ಹೊಗಳುತ್ತಾರೆ. ಸಿಟಿ ಬಸ್ಸಿನಲ್ಲಿ, ರೇಷನ್ ಅಂಗಡಿಯ ಕ್ಯೂನಲ್ಲಿ ನಮಗೆ ಹೇಳಿ ಮಾಡಿಸಿದ್ದು. “ಕರುಣಿಸು ತಂದೆ”, “ಜೊತೆಗಿರಪ್ಪಾ”, ಇಷ್ಟೇ. ಉಸಿರು ಎಳೆದುಕೊಳ್ಳುವಾಗ ಒಂದು ಪದ, ಬಿಡುವಾಗ ಒಂದು ಪದ.

ಪಾತ್ರೆಗಳ ನಡುವೆ

ಸ್ಪೇನಿನ ಆವಿಲಾ ಊರಿನ ಸಂತ ತೆರೇಸಾ (1515-1582) ಮಠಗಳನ್ನು ಸ್ಥಾಪಿಸಿದ ಕಥೆ ಬರೆಯುತ್ತಾ, ಅಡುಗೆಮನೆಯ ಕೆಲಸ ಪಾಲಿಗೆ ಬಂದರೆ ಬೇಸರಪಡಬೇಡಿ, ಸ್ವಾಮಿ ಪಾತ್ರೆಪಡಗಗಳ ನಡುವೆಯೂ ಓಡಾಡುತ್ತಾನೆ ಎಂಬರ್ಥದ ಮಾತನ್ನು ತಮ್ಮ ಸಿಸ್ಟರ್‌ಗಳಿಗೆ ಹೇಳಿದ್ದಾರೆ. ಪ್ಯಾರಿಸ್ಸಿನ ಮಠವೊಂದರಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದ ಬ್ರದರ್ ಲಾರೆನ್ಸ್ 1691ರಲ್ಲಿ ತೀರಿಕೊಂಡ ಮೇಲೆ ಅವರ ಪತ್ರ, ಮಾತುಕತೆಗಳನ್ನು ಸೇರಿಸಿ ಪುಸ್ತಕ ಮಾಡಿದರು. ಇಂದಿಗೂ ಅದನ್ನು ಓದುತ್ತಾರೆ. ಕೆಲಸದ ಮಧ್ಯೆಯೂ ದೇವರ ಸನ್ನಿಧಿಯ ನೆನಪಿನಲ್ಲಿರುವುದು ಅವರ ಅಭ್ಯಾಸ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆಯೇ: ಅಡುಗೆ ಕೆಲಸ ಅವರಿಗೆ ಸ್ವಭಾವತಃ ಇಷ್ಟವೇ ಇರಲಿಲ್ಲವಂತೆ! ದಿನಾ ಅದೇ ಸಾರು, ಅದೇ ಪಲ್ಯ ಅಂತ ರೋಸಿಹೋದವರು ಧೈರ್ಯ ತಂದುಕೊಳ್ಳಬಹುದು.

ಚಪಾತಿ ಲಟ್ಟಿಸುವಾಗ ಒಂದೊಂದಕ್ಕೂ ತಿನ್ನುವವರ ಹೆಸರು ಹೇಳಿ. ಬಟ್ಟೆ ಮಡಚುವಾಗ ಅದನ್ನು ತೊಡುವವರನ್ನು ನೆನೆಯಿರಿ. ಹೀಗೆ ರಾತ್ರಿಯ ಆ ಪಟ್ಟಿ ಹಗಲಲ್ಲೇ ಕರಗುತ್ತದೆ. ಆದರೆ ‘ನನ್ನ ಕೆಲಸವೇ ಪ್ರಾರ್ಥನೆ, ಬೇರೆ ಕೂರೋದೇಕೆ?’ ಎಂದು ಆ ಹತ್ತು ನಿಮಿಷವನ್ನೂ ಬಿಟ್ಟುಬಿಟ್ಟರೆ ಕೆಲಸ ಮಾತ್ರ ಉಳಿಯುತ್ತದೆ. ಗೃಹಿಣಿಯ ಸಮಯವನ್ನು ಎಲ್ಲರೂ ಕಸಿಯುತ್ತಾರೆ, ಅದಕ್ಕೆ ದೈವಭಕ್ತಿಯ ಹೆಸರು ಬೇರೆ ಕೊಡುವುದು ಬೇಡ. ಮಾರ್ಥಾ-ಮರಿಯಳ ಕಥೆ ಕೇಳಿ ನಾವೆಲ್ಲ ಮಾರ್ಥಾಳ ಪರ ಸಿಡಿಮಿಡಿಗೊಂಡವರೇ. ಅಡುಗೆ ಯಾರಪ್ಪ ಮಾಡ್ತಾರೆ? ಆದರೆ ಮಾರ್ಥಾ ತನ್ನ ಸಿಟ್ಟನ್ನು ಪಾತ್ರೆ ಕುಕ್ಕಿ ತೋರಿಸಲಿಲ್ಲ, ನೇರವಾಗಿ ಹೋಗಿ ಯೇಸುವಿಗೇ ಹೇಳಿದಳು, ನಿನಗೆ ಇದೆಲ್ಲ ಕಾಣುವುದಿಲ್ಲವೇ ಅಂತ. ಅದೂ ಪ್ರಾರ್ಥನೆಯೇ ಅಂತ ನನ್ನ ಲೆಕ್ಕ.

ರಾತ್ರಿಯ ಲೆಕ್ಕ

ಪಟ್ಟಿ ಹಗಲಿಗೆ ಹೋಯಿತಲ್ಲ, ರಾತ್ರಿಗೆ ಐದು ನಿಮಿಷದ ಬೇರೆ ಅಭ್ಯಾಸ ಇಟ್ಟುಕೊಳ್ಳಿ. ಜೆಸ್ವಿಟ್ ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಕೊಟ್ಟ ಆತ್ಮಶೋಧನೆಯ ಕ್ರಮ ಇದು. ಪೋಪರು ಆ ಕೃತಿಗೆ ಒಪ್ಪಿಗೆ ಕೊಟ್ಟಿದ್ದು 1548ರಲ್ಲಿ. ಮೊದಲು ಆ ದಿನದ ಒಂದು ಒಳ್ಳೆಯದಕ್ಕೆ ಕೃತಜ್ಞತೆ. ದೊಡ್ಡದೇ ಆಗಬೇಕಿಲ್ಲ, ನಲ್ಲಿಯಲ್ಲಿ ನೀರು ಬಂದದ್ದೂ ಆದೀತು. ಆಮೇಲೆ ‘ನನ್ನ ದಿನವನ್ನು ನಿನ್ನ ಕಣ್ಣಿಂದ ನೋಡಲು ಬೆಳಕು ಕೊಡು’ ಎಂದು ಕೇಳಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಹಾಲಿನವರ ಲೆಕ್ಕ ನೋಡಿದಂತೆ ಗಂಟೆ ಗಂಟೆ ದಾಟುತ್ತಾ ಬನ್ನಿ. ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು? ಎಲ್ಲಿ ನಾಲಿಗೆ ಹರಿತವಾಯಿತು? ಅದಕ್ಕೆ ಕ್ಷಮೆ ಕೇಳಿ, ನಾಳೆಗೆ ಒಂದು ಸಣ್ಣ ಸಹಾಯ ಬೇಡಿ ಮಲಗಿ.

ಇದರಲ್ಲಿ ಹೆಂಗಸರಿಗೆ ಒಂದು ಅಪಾಯವಿದೆ. ತಪ್ಪು ಹುಡುಕಿಕೊಳ್ಳುವುದರಲ್ಲಿ ನಾವು ಪಳಗಿದವರು. ಸಾರಿಗೆ ಉಪ್ಪು ಹೆಚ್ಚಾದದ್ದೂ ಪಾಪದ ಪಟ್ಟಿಗೆ ಸೇರುತ್ತದೆ. ಹಾಗಾಗಿ ಕೃತಜ್ಞತೆಯ ಭಾಗವನ್ನು ಎಂದೂ ಹಾರಿಸಬೇಡಿ. ಪುಟ್ಟ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆದಿಡುವುದೂ ಒಳ್ಳೆಯದು. ಮೂರು ತಿಂಗಳ ನಂತರ ಹಿಂದಿರುಗಿ ಓದಿದರೆ ಒಂದೇ ವಿಷಯ ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ನಿಜವಾಗಿ ಪ್ರಾರ್ಥಿಸಬೇಕಾದ ವಿಷಯ ಅದೇ ಇರಬಹುದು. ನೋಟ್‌ಬುಕ್ ಎಲ್ಲಿಡಬೇಕು ಅಂತ ಹೇಳಬೇಕಾಗಿಲ್ಲ, ಬೇಳೆ ಡಬ್ಬಿಯ ಹಿಂದೆ ಯಾರೂ ಕೈಹಾಕುವುದಿಲ್ಲ.

ಏನೂ ಅನಿಸದ ದಿನಗಳು

ಇಷ್ಟೆಲ್ಲ ಮಾಡಿದರೂ ಕೆಲವು ವಾರ, ಕೆಲವೊಮ್ಮೆ ವರ್ಷಗಳೇ, ಏನೂ ಅನಿಸುವುದಿಲ್ಲ. ಗೋಡೆಗೆ ಹೇಳಿದಂತಾಗುತ್ತದೆ. ಕನ್ವೆನ್ಷನ್ ಮೈದಾನದಲ್ಲಿ ಕಣ್ಣೀರಿಟ್ಟು ಹಾಡುವವರನ್ನು ನೋಡಿ ನನ್ನಲ್ಲೇ ಏನೋ ಕೊರತೆ ಅನಿಸುತ್ತದೆ.

ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತು ಬೆಚ್ಚಿತು. ಕೊಲ್ಕತ್ತದ ಬೀದಿಗಳಲ್ಲಿ ಅಷ್ಟು ನಗುನಗುತ್ತಾ ಕೆಲಸ ಮಾಡಿದ ಆಕೆಗೆ ಸುಮಾರು ಐದು ದಶಕಗಳ ಕಾಲ, ನಡುವಿನ ಒಂದು ಚಿಕ್ಕ ಅವಧಿ ಬಿಟ್ಟರೆ, ಪ್ರಾರ್ಥನೆಯಲ್ಲಿ ದೇವರ ಇರುವಿಕೆಯೇ ಅನುಭವವಾಗಿರಲಿಲ್ಲ. ಬರೀ ಕತ್ತಲೆ. ಆದರೂ ದಿನವೂ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂರುತ್ತಿದ್ದರು. 2016ರಲ್ಲಿ ಚರ್ಚು ಅವರನ್ನು ಸಂತರೆಂದು ಘೋಷಿಸಿತು, ಆ ಪತ್ರಗಳನ್ನು ಓದಿದ ಮೇಲೆಯೇ.

ಆವಿಲಾದ ತೆರೇಸಾ ಕೂಡ, ತಾನು ಕೆಲವು ವರ್ಷ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತು ಅಂತ ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದುದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ಅವರದೊಂದು ಚೆಂದದ ಹೋಲಿಕೆ ಇದೆ. ಪ್ರಾರ್ಥನೆ ಅಂದರೆ ತೋಟಕ್ಕೆ ನೀರು ಹಾಯಿಸಿದ ಹಾಗೆ. ಮೊದಲು ಬಾವಿಯಿಂದ ಸೇದಿ ಸೇದಿ ಹಾಕಬೇಕು, ಕೈ ಸೋಲುತ್ತದೆ. ಆಮೇಲೆ ನೀರೆತ್ತುವ ಚಕ್ರ, ಶ್ರಮ ಕಡಿಮೆ. ಆಮೇಲೆ ಹೊಳೆಯ ಕಾಲುವೆ. ಕೊನೆಯದು ಮಳೆ, ಅಲ್ಲಿ ತೋಟದವಳು ಮಾಡುವುದಕ್ಕೆ ಏನೂ ಇಲ್ಲ. ಬಾವಿಯೇ ಬತ್ತಿದ್ದರೆ? ಸೇದಲು ಹೋಗುವುದು ನಮ್ಮ ಕೆಲಸ, ನೀರು ಕೊಡುವುದು ತೋಟದ ಯಜಮಾನನ ಕೆಲಸ ಅನ್ನುತ್ತಾರೆ ಅವರು. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಡುವುದನ್ನು ಕಂಡ ನಗರದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾಲಿ ಕೊಡ ಹಿಡಿದು ವಾಪಸ್ ಬಂದ ದಿನವೂ ಲೆಕ್ಕಕ್ಕುಂಟು.

ಒಂದು ಎಚ್ಚರಿಕೆ ಮಾತ್ರ. ಪ್ರಾರ್ಥನೆ ಮಾತ್ರವಲ್ಲ, ಊಟ, ನಿದ್ದೆ, ಮಕ್ಕಳ ನಗು ಯಾವುದೂ ರುಚಿಸದೆ ಎರಡು ವಾರಕ್ಕೂ ಮೀರಿ ಮನಸ್ಸು ಭಾರವಾಗಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ, ಅದನ್ನು ಭಕ್ತಿಯ ಕೊರತೆ ಅಂತ ಬಗೆಯಬೇಡಿ. ಅದು ಖಿನ್ನತೆಯ ಕಾಯಿಲೆ ಇರಬಹುದು. ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಪ್ರಾರ್ಥಿಸುತ್ತೀರಲ್ಲ, ಇದಕ್ಕೂ ಹಾಗೇ.

ಉತ್ತರ ಬಾರದಿದ್ದರೆ

ಹನ್ನಳಿಗೆ ಮಗು ಹುಟ್ಟಿತು. ನಿಮಗೆ ಹುಟ್ಟದಿರಬಹುದು. ಯಜಮಾನರ ಕುಡಿತ ಹತ್ತು ವರ್ಷದ ಪ್ರಾರ್ಥನೆಗೂ ಬಗ್ಗದಿರಬಹುದು. “ನಿನ್ನ ವಿಶ್ವಾಸ ಸಾಲದು” ಎನ್ನುವವರು ಆಗ ಬಂದೇ ಬರುತ್ತಾರೆ. ಅವರಿಗೆ ಗೆತ್ಸೆಮನೆ ತೋಟವನ್ನು ನೆನಪಿಸಿ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಯೇಸು ಮೂರು ಸಲ ಬೇಡಿದರು. ಪಾತ್ರೆ ದೂರವಾಗಲಿಲ್ಲ. ಅವರ ವಿಶ್ವಾಸ ಸಾಲದಾಗಿತ್ತೇ? ಅದೇ ರಾತ್ರಿ ಅವರು ಇನ್ನೊಂದನ್ನೂ ಬೇಡಿದ್ದರು, ಶಿಷ್ಯರು ಸ್ವಲ್ಪ ಹೊತ್ತು ಜೊತೆಗೆ ಎಚ್ಚರವಾಗಿರಲಿ ಎಂದು. ಅವರು ಮಲಗಿಬಿಟ್ಟರು ಬಿಡಿ. ಆದರೆ ಯೇಸುವೇ ಜೊತೆ ಬೇಡಿದ ಮೇಲೆ ನಾವು ಒಬ್ಬರೇ ಎಲ್ಲವನ್ನೂ ನುಂಗಿಕೊಳ್ಳಬೇಕಾಗಿಲ್ಲ.

ಅದರಲ್ಲೂ ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ “ಪ್ರಾರ್ಥನೆ ಮಾಡು, ಸಹಿಸಿಕೋ, ಬದಲಾಗ್ತಾನೆ” ಎಂದು ಕಳಿಸಿಬಿಡುವುದು ಇಂದಿಗೂ ನಡೆದಿದೆ. ಅದು ಪ್ರಾರ್ಥನೆಗೂ ಅವಮಾನ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ ಕಾಯ್ದೆ 2005ರಿಂದಲೇ ಇದೆ. ಮಹಿಳಾ ಸಹಾಯವಾಣಿ 181, ತುರ್ತಿದ್ದರೆ 112. ಲೂಕನ 18ನೇ ಅಧ್ಯಾಯದ ವಿಧವೆಯನ್ನೇ ನೋಡಿ. ನ್ಯಾಯ ಕೊಡದ ನ್ಯಾಯಾಧೀಶನ ಬಾಗಿಲಿಗೆ ಅಲೆದು ಅಲೆದು ಅವನಿಗೇ ಸಾಕುಸಾಕು ಮಾಡಿಸಿದಳು. ಬೇಸರಗೊಳ್ಳದೆ ಪ್ರಾರ್ಥಿಸುವುದಕ್ಕೆ ಯೇಸು ಕೊಟ್ಟ ಮಾದರಿ ಅವಳು. ಮೂಲೆಯಲ್ಲಿ ಅಳುತ್ತಾ ಕೂತವಳಲ್ಲ.

ಜೊತೆ ಯಾರಿರಲಿ?

ತಿಂಗಳಿಗೊಮ್ಮೆಯಾದರೂ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಿರಲಿ. ಅನುಭವಸ್ಥ ಸಿಸ್ಟರ್, ಫಾದರ್, ಸಭಾಪಾಲಕರು ಅಥವಾ ಅವರ ಪತ್ನಿ, ಇಲ್ಲವೇ ಬಾಯಿ ಭದ್ರವಾಗಿರುವ ಗೆಳತಿ. ಮಹಿಳಾ ಸಂಘದ ಕೂಟದಲ್ಲಿ ಹೇಳುವುದು ಬಿಡುವುದು ನಿಮ್ಮ ವಿವೇಚನೆ. ‘ಪಾಪ, ಅವಳ ಮಗಳಿಗಾಗಿ ಪ್ರಾರ್ಥಿಸಿ’ ಅಂತ ಶುರುವಾದದ್ದು ಟೀ ಹೊತ್ತಿಗೆ ಇಡೀ ಬಡಾವಣೆಯ ಸುದ್ದಿಯಾಗುವುದನ್ನು ಯಾರು ನೋಡಿಲ್ಲ?

ಸಾಧ್ಯವಾದರೆ ವರ್ಷಕ್ಕೊಂದು ದಿನ ಧ್ಯಾನಕೂಟಕ್ಕೆ ಹೋಗಿ ಬನ್ನಿ. ಬೆಂಗಳೂರು, ಮಂಗಳೂರು, ಮೈಸೂರುಗಳಲ್ಲೆಲ್ಲ ಧ್ಯಾನಕೇಂದ್ರಗಳಿವೆ. ಮೈಕು, ಬ್ಯಾಂಡು ಇಲ್ಲದೆ ಬರೀ ಮೌನವಿರುವ ಕೂಟವನ್ನೇ ಕೇಳಿ ಆರಿಸಿಕೊಳ್ಳಿ. ಮೊದಲರ್ಧ ದಿನ ಕಾಲು ಸುಮ್ಮನಿರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತದೆ. ಅಂದು ಮನೆಯಲ್ಲಿ ಅಡುಗೆ ಯಾರದು ಅನ್ನುವಿರಾ? ಹಿಂದಿನ ರಾತ್ರಿಯೇ ಎಲ್ಲ ಮಾಡಿ ಫ್ರಿಜ್ಜಿನಲ್ಲಿಟ್ಟು, ಡಬ್ಬಿಯ ಮೇಲೆ ಹೆಸರು ಬರೆದು ಹೋಗುವ ಅಭ್ಯಾಸ ನಿಮ್ಮದಿದ್ದರೆ ಈ ಸಲ ಬಿಡಿ. ಅಕ್ಕಿ ಎಲ್ಲಿದೆ ಎಂದಷ್ಟೇ ಹೇಳಿ, ಹೊರಡಿ.